ಅಕ್ಕ ಎಂದು ಬರೆದ ಫಾರಂ

ಬಾಳಗಡಿಯ ಕಾಲೇಜಿನಲ್ಲಿ ಸಂಶೋಧನೆಗೆಂದು ರಕ್ತ ತೆಗೆಯುವ ದಿನ ಎರಡು ಫಾರಂಗಳನ್ನೂ ನಾನೇ ತುಂಬಿದೆ. ಒಂದು ನನ್ನದು, ಇನ್ನೊಂದು ಕುಸುಮಾಳದು; ನನ್ನದರಲ್ಲಿ ಅವಳನ್ನು ಅಕ್ಕ ಎಂದು ಬರೆದೆ. ಅವಳಿಗೆ ಅಕ್ಷರ ಬಾರದು. ನಾನು ಕಲಿತದ್ದೂ ಐವತ್ತು ದಾಟಿದ ಮೇಲೆ, ರಾತ್ರಿ ಶಾಲೆಯಲ್ಲಿ.

ಡಾಕ್ಟರ್ ನಿಶ್ಚಿತಾ ಓದಿ, ಕುಸುಮಾಳ ಫಾರಂ ಬದಿಗಿಟ್ಟರು. "ಅಕ್ಕತಂಗಿಯರಲ್ಲಿ ಒಬ್ಬರದೇ ಸಾಕು ಅಜ್ಜಿ. ಒಂದೇ ಮನೆಯವರ ರಕ್ತ ಎರಡಿದ್ರೆ ಹೋಲಿಕೆ ತಪ್ಪುತ್ತೆ."

ಕುಸುಮಾಳ ಮುಖ ಸಣ್ಣದಾಯಿತು. ಸಕ್ಕರೆ ಕಾಯಿಲೆ ಅವಳ ಎಡಗಾಲಿನ ಮೂರು ಬೆರಳು ತಿಂದಿದೆ. ಮೊಮ್ಮಗಳಿಗಾದರೂ ಇದು ತಪ್ಪಲಿ ಎಂದೇ ಮೇಗುಂದದಿಂದ ಬಸ್ಸು ಹತ್ತಿ ಬಂದಿದ್ದಳು.

"ಕಾಯಿಲೆ ಇರೋದು ನಂಗೆ. ಇವಳು ದಿನಾ ಬೆಲ್ಲ ತಿಂದ್ರೂ ಗುಂಡುಕಲ್ಲಿನ ಹಾಗಿದಾಳೆ. ಇವಳ ರಕ್ತ ತಗಂಡು ಎಂತ ಮಾಡ್ತೀರಿ?"

"ಇದ್ದವರದು, ಇಲ್ಲದವರದು ಪಕ್ಕಪಕ್ಕ ಇಟ್ಟು ಎಲ್ಲಿ ವ್ಯತ್ಯಾಸ ಅಂತ ನೋಡ್ತೀವಿ," ಎಂದರು ಡಾಕ್ಟರ್. "ಇಪ್ಪತ್ತು ವರ್ಷದ ಹಿಂದೆ ನೂರೈವತ್ತು ಜನರ ರಕ್ತದಲ್ಲೇ ಕಣ್ಣಿನ ಒಂದು ಕಾಯಿಲೆಯ ಸುಳಿವು ಸಿಕ್ಕಿತ್ತು. ಸಕ್ಕರೆಗೆ ಲಕ್ಷಗಟ್ಟಲೆ ಜನ ಬೇಕು, ನಮ್ಮ ಕಡೆಯವರದು ಕಡಿಮೆ. ಔಷಧಿ ನಾಳೆಯೇ ಬರಲ್ಲ. ಆದ್ರೆ ಯಾರಿಗೆ ಬರಬಹುದು ಅಂತ ಮುಂಚೇನೇ ತಿಳಿದ್ರೆ ಮೊಮ್ಮಕ್ಕಳಿಗೆ ಉಪಯೋಗ. ನೀವಿಬ್ಬರೂ ಒಂದೇ ತಾಯಿಯ ಮಕ್ಕಳಲ್ವಾ?"

ನಾನು ಹುಟ್ಟಿದ ದಿನವೇ ಹೆತ್ತವಳು ತೀರಿಹೋದಳು. ಆಗ ಪಕ್ಕದ ಮನೆಯ ಪುಟ್ಟಕ್ಕನ ಮಡಿಲಲ್ಲಿ ಅವಳದೇ ಹತ್ತು ದಿನದ ಮಗು ಕುಸುಮಾ ಇದ್ದಳು. ಕಾಫಿ ತೋಟದ ಹಲಸಿನ ಮರಕ್ಕೆ ಒಂದೇ ಸೀರೆಯ ತೊಟ್ಟಿಲು ಕಟ್ಟಿ ಇಬ್ಬರನ್ನೂ ಮಲಗಿಸುತ್ತಿದ್ದಳಂತೆ. ಕೆಲಸದ ನಡುವೆ ಓಡಿ ಬಂದು, ಅತ್ತವಳಿಗೆ ಮೊದಲು ಹಾಲು. ಅಳುತ್ತಿದ್ದವಳು ಯಾವಾಗಲೂ ನಾನೇ. ಅವಳನ್ನು ಅವ್ವ ಎಂದೇ ಕರೆದೆ. ಎರಡು ಫಾರಂನಲ್ಲೂ ಅವಳ ಹೆಸರನ್ನೇ ಬರೆದಿದ್ದೆ.

"ಹೆತ್ತವರು ಬೇರೆ. ಹಾಲು ಒಂದೇ," ಎಂದೆ.

"ಹಾಲಿನಿಂದ ವಂಶದ ಗುಣ ಬರಲ್ಲ ಅಜ್ಜಿ. ಹಾಗಾದ್ರೆ ಇಬ್ಬರೂ ಸೇರಬಹುದು. ಅಕ್ಕ ಅನ್ನೋದನ್ನ ಹೊಡೆದು, ತಾಯಿ ಹೆಸರು ಸರಿ ಮಾಡಿ."

ಪೆನ್ನು ಹಿಡಿದು ಕೂತೇ ಇದ್ದೆ.

"ಹೊಡಿ ಮಾರಾಯ್ತಿ," ಕುಸುಮಾ ತಿವಿದಳು. "ಕುಡಿದ ಹಾಲನ್ನ ಯಾರಾದ್ರೂ ವಾಪಸ್ ಕೇಳ್ತಾರಾ?"

ಹೊಡೆದೆ. ನನ್ನ ಫಾರಂನಲ್ಲಿ ಅವ್ವನ ಹೆಸರು ಅಳಿಸಿ ದ್ಯಾವಮ್ಮ ಎಂದು ಬರೆದೆ. ಆ ಹೆಸರನ್ನು ನನ್ನ ಕೈ ಬರೆದದ್ದು ಅದೇ ಮೊದಲು. ತಾಯಿಗಿದ್ದ ಕಾಯಿಲೆ ಎಂಬಲ್ಲಿ 'ಗೊತ್ತಿಲ್ಲ' ಎಂದು.

"ಎಂತ ಬರೆದೆ? ಓದು," ಎಂದಳು ಕುಸುಮಾ.

ಓದಿದೆ.

"ದ್ಯಾವಮ್ಮ ನಾಟಿ ಹಾಡಿಗೆ ನಿಂತ್ರೆ ಗದ್ದೆಯವರೆಲ್ಲ ಸುಮ್ಮನಾಗ್ತಿದ್ರಂತೆ. ಅವ್ವ ಹೇಳ್ತಿದ್ಲು."

"ನಂಗ್ಯಾಕೆ ಹೇಳ್ಲಿಲ್ಲ?"

"ನೀ ಯಾವತ್ತು ಕೇಳಿದ್ದೆ?" ಎನ್ನುತ್ತಾ ಕುಸುಮಾ ರವಿಕೆಯ ತೋಳು ಸರಿಸಿ, ಸೂಜಿಗೆ ಕೈ ಚಾಚಿದಳು.