ಕೆಂಪು ಗೆರೆಯ ಕೆಳಗೆ

ಕೆರೆಯ ಕೆಸರಲ್ಲಿ ಕೊಳೆಹಾಕಿದ ತೆಂಗಿನ ಮಟ್ಟೆಯನ್ನು ಕಲ್ಲಿನ ಮೇಲಿಟ್ಟು ಭೈರಮ್ಮ ಕೊಡತಿಯಿಂದ ಜಜ್ಜುತ್ತಿದ್ದಳು. ಕಪ್ಪು ನೀರು ಮುಖಕ್ಕೆ ಸಿಡಿಯುತ್ತಿತ್ತು. ಮಾಯಸಂದ್ರದ ರಸ್ತೆ ಕಡೆಯಿಂದ ಪೊಲೀಸ್ ವ್ಯಾನು ಬಂದು ನಾರಿನ ಕಣದ ಬಾಗಿಲಲ್ಲಿ ನಿಂತಿತು.

"ಏಯ್ ನಾತದ ಮುಂಡೇ, ಕೈ ತೊಳ್ಕಂಡು ಬಾರೇ ಇಲ್ಲಿ."

ಮೂಗಿಗೆ ಕರ್ಚೀಫು ಹಿಡಿದು ಕೂಗಿದವನು ಹವಾಲ್ದಾರ ಹಾಲಸ್ವಾಮಿ. ಪೊಲೀಸ್ ತರಬೇತಿ ಕ್ಯಾಂಪಿನಲ್ಲಿ ಹೊಸ ಪೇದೆಗಳಿಗೆ ಲಾಠಿ ಕಲಿಸುತ್ತಿದ್ದವನು ಅವನೇ. ವ್ಯಾನಿನಿಂದ ಗೋಣಿಯ ಬೊಂಬೆಗಳನ್ನು ಕೆಳಗೆ ಎಸೆದ. ಲಾಠಿ ಬೀಸಿ ಕಲಿಯುವ ಆಳುದ್ದದ ಬೊಂಬೆಗಳು. ಹಿಂದಿನ ವರ್ಷ ಇದೇ ಕಣದಲ್ಲಿ ನಾರು ತುಂಬಿ ಹೊಲಿದುಕೊಟ್ಟಿದ್ದವಳು ಭೈರಮ್ಮನೇ. ಒಂದೊಂದರ ಸೊಂಟಕ್ಕೂ ಕೆಂಪು ಬಣ್ಣದ ಗೆರೆ. ಏಟು ಏನಿದ್ದರೂ ಗೆರೆಯ ಕೆಳಗೆ ಬೀಳಬೇಕು ಅನ್ನುವುದು ಕಾನೂನು.

ಗೆರೆಯ ಕೆಳಗೆ ಗೋಣಿ ಹೊಸದರಂತೆಯೇ ಇತ್ತು. ತಲೆಗಳೆಲ್ಲ ಸೀಳಿ ನಾರು ಹೊರಬಂದಿತ್ತು.

"ಸೊಂಟದ ಮ್ಯಾಕೆ ಒಡೀಬಾರ್ದು ಅಂತಿದ್ರಲ್ಲ ಸ್ವಾಮಿ," ಅಂದಳು ಭೈರಮ್ಮ.

"ನೀನೇನ್ ಎಸ್ಪಿ ಏನೇ? ಸೋಮವಾರ ದೊಡ್ಡ ಸಾಹೇಬ್ರು ಬತ್ತಾರೆ. ಬೊಂಬೆ ನೋಡಿ ಹುಡುಗ್ರಿಗೆ ಸರ್ಟಿಫಿಕೇಟು ಕೊಡ್ತಾರೆ. ತಲೆ ಹೊಲಿ, ಹೊಲಿಗೆ ಕಾಣ್ಬಾರ್ದು. ಆಮೇಲೆ ಕಾಲು ಸವೆಸು. ದಿನಾ ಅಲ್ಲೇ ಏಟು ಬಿದ್ದಂಗಿರ್ಬೇಕು."

ಕಣದ ಯಜಮಾನ ಮರುಳಸಿದ್ದಯ್ಯ ಮಂಚದ ಮೇಲಿಂದಲೇ ನಕ್ಕ. "ಮಾಡ್ತಾಳೆ ಬುಡಿ. ಜಜ್ಜೋದು ಬುಟ್ರೆ ಇವಕ್ಕೆ ಇನ್ನೇನ್ ಗೊತ್ತು. ಏನೇ, ಮಾಡ್ತೀಯೋ, ಇಲ್ಲಾ ನಾಳೆಯಿಂದ ಮನೇಲೇ ಇರ್ತೀಯೋ?"

ಭೈರಮ್ಮ ತಲೆಗಳನ್ನು ಹೊಲಿದಳು. ಬೊಂಬೆಗಳನ್ನು ಕಲ್ಲಿಗೆ ಒರಗಿಸಿ ಕೊಡತಿಯಿಂದ ಕಾಲಿಗೆ ಬಾರಿಸಿದಳು. ಮಟ್ಟೆಯ ಮುಂದೆ ಅದೊಂದು ಕೆಲಸವೇ ಅಲ್ಲ. ಬಲಗೈಯವನು ಎದುರು ನಿಂತು ಬೀಸಿದರೆ ಏಟು ಎಡಗಾಲಿಗೇ ಹೆಚ್ಚು ಬೀಳುತ್ತದೆ ಎಂದು ಎಡಗಾಲನ್ನು ಇನ್ನಷ್ಟು ಸವೆಸಿದಳು. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ.

"ಭೇಷ್ ಕಣೇ," ಅಂದ ಹಾಲಸ್ವಾಮಿ. ಅವತ್ತು ಅವಳಿಗೆ ಖುಷಿಯಾಗಿತ್ತು.

ಬೇಸಿಗೆಯಲ್ಲಿ ಕೇರಿಯವರು ಕೂಲಿ ಹೆಚ್ಚಿಸಿ ಅಂತ ಕಣದ ಬಾಗಿಲಲ್ಲಿ ಕೂತರು. ಮಟ್ಟೆ ಹೊರುವ ದುರ್ಗಯ್ಯ ಎಲ್ಲರಿಗಿಂತ ಮುಂದೆ ಕೂತಿದ್ದ. ಸರ್ಟಿಫಿಕೇಟು ಪಡೆದ ಪೇದೆಗಳು ವ್ಯಾನಿನಿಂದ ಇಳಿದರು. ದುರ್ಗಯ್ಯನಿಗೆ ಏಳುವುದಕ್ಕೂ ಬಿಡಲಿಲ್ಲ. ಅವನ ಹೆಂಡತಿ ಹುಚ್ಚಕ್ಕ ಸತ್ತವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡಾಗ ಭೈರಮ್ಮ ಬಗ್ಗಿ ನೋಡಿದಳು. ಕಿವಿಯ ಮೇಲುಗಡೆ ಸೀಳಿತ್ತು. ಅವಳು ಹೊಲಿದಿದ್ದ ಜಾಗವೇ.

ಹುಚ್ಚಕ್ಕ ಪೊಲೀಸ್ ಕಚೇರಿ ಮುಂದೆ ಗೋಳಾಡಿದಾಗ ಅಧಿಕಾರಿ ಹೇಳಿದ: "ನೋಡಮ್ಮ, ನಮ್ಮ ಹುಡುಗರು ಪರೀಕ್ಷೆ ಪಾಸು ಮಾಡಿದವರು. ಬೊಂಬೆಗಳ ಫೋಟೋನೇ ಇದೆ, ಬರೀ ಕಾಲು ಸವೆದಿದೆ. ಸೊಂಟದ ಮೇಲೆ ಹೊಡೆಯೋದು ಅವರಿಗೆ ಬರೋದೇ ಇಲ್ಲ. ನಿನ್ನ ಗಂಡ ಕುಡಿದು ಕಲ್ಲಿನ ಮೇಲೆ ಬಿದ್ದಿರ್ತಾನೆ."

ಭೈರಮ್ಮ ಪಕ್ಕದಲ್ಲೇ ನಿಂತಿದ್ದಳು.

ಅಲ್ಲಿಂದ ಮುಂದೆ ಇಬ್ಬರೂ ಒಂದೇ ಕಲ್ಲಿನ ಎದುರುಬದುರು ಕೂತು ಜಜ್ಜಿದರು. ಭೈರಮ್ಮ ಹುಚ್ಚಕ್ಕನಿಗೆ ಮುದ್ದೆ ತಂದುಕೊಟ್ಟಳು, ನೀರು ಹೊತ್ತುಕೊಟ್ಟಳು. ದುರ್ಗಯ್ಯನ ಸಾವಿನ ಬಗ್ಗೆ ಹುಚ್ಚಕ್ಕ ಹಾಕಿದ್ದ ಕೇಸು ಕೋರ್ಟಿನಲ್ಲಿ ಎಳೆದಾಡುತ್ತಿತ್ತು. ಜಡ್ಜಿಗೆ ಒಂದು ಕಾಗದ ಹಾಕಬೇಕು ಅಂತ ಭೈರಮ್ಮನಿಗೆ ಅನ್ನಿಸಿತು. ಆದರೆ ಇನ್ನೊಬ್ಬರ ಕೈಲಿ ಬರೆಸಿದರೆ 'ಕಾಲು ಸವೆಸಿದವಳು ನಾನೇ' ಅನ್ನುವುದನ್ನು ಅವರೆದುರು ಬಾಯಿಬಿಟ್ಟು ಹೇಳಬೇಕು. ಅದಕ್ಕೇ ಕೇರಿಯಲ್ಲಿ ಲಾಟೀನು ಹಚ್ಚಿ ವಯಸ್ಕರ ಶಾಲೆ ತೆರೆದಾಗ ಮೊದಲು ಹೋಗಿ ಕೂತವಳು ಅವಳು. "ಈ ವಯಸ್ಸಲ್ಲಿ ಯಾರಿಗೆ ಕಾಗದ ಬರೀತೀಯಮ್ಮ?" ಎಂದು ಮೇಷ್ಟ್ರು ಕೇಳಿದರೆ ತಿದ್ದಿದ ಅಕ್ಷರವನ್ನೇ ಮತ್ತೆ ತಿದ್ದುತ್ತಿದ್ದಳು.

ಬರೆದದ್ದೂ ಆಯಿತು. ಕಾಗದ ಸೂರಿನ ಸೋಗೆಯಲ್ಲೇ ಉಳಿಯಿತು. ಅದು ಕೋರ್ಟು ಮುಟ್ಟಿದರೆ ಹುಚ್ಚಕ್ಕನ ಕಿವಿಯನ್ನೂ ಮುಟ್ಟುತ್ತದೆ.

ಮರುವರ್ಷದ ದೀಪಾವಳಿ ಕಳೆದ ಮೇಲೆ ವ್ಯಾನು ಮತ್ತೆ ಬಂತು. ಬೊಂಬೆಗಳು ಉರುಳಿದವು. ಮತ್ತೆ ತಲೆಗಳೇ ಸೀಳಿದ್ದವು. ಹಾಲಸ್ವಾಮಿಯ ತೋಳಿಗೆ ಇನ್ನೊಂದು ಪಟ್ಟಿ ಏರಿತ್ತು.

"ಹೊಸ ಬ್ಯಾಚು ಕಣೇ. ಓದ್ಸಲದಂಗೇ ಕಾಲು ಸವೆಸ್ಬುಡು."

ವ್ಯಾನು ಹೋಯಿತು. ಹುಚ್ಚಕ್ಕನ ಕೊಡತಿ ನಿಂತಿತು.

"ಓದ್ಸಲ ಯಾರೇ ಮಾಡಿದ್ದು?"

"ನಾನೇ ಕಣೇ."

ಹುಚ್ಚಕ್ಕ ಕೊಡತಿ ಎತ್ತಿದಳು. ಭೈರಮ್ಮ ತಲೆ ತಗ್ಗಿಸಿ ಹಾಗೇ ಕೂತಳು. ಕೊಡತಿ ಮಟ್ಟೆಯ ಮೇಲೆ ಬಿತ್ತು.

"ನಂಗೆ ಹಿಟ್ ತಂದ್ ಇಕ್ಕಿದ್ದೂ ಅದ್ಕೇಯಾ?"

"ಊಂ."

"ಥೂ, ಲೌಡಿ. ಉಂಡ್ನಲ್ಲೇ ನಾನು."

"ಜಡ್ಜಿಗೆ ಕಾಗ್ದ ಬರ್ದಿವ್ನಿ. ಉಗಾದಿಗ್ ಮುಂಚೆನೇ. ಸೂರಲ್ಲೈತೆ."

"ತತ್ತಾ. ಓದು."

ಭೈರಮ್ಮ ತಂದು ಒಂದೊಂದೇ ಅಕ್ಷರ ಕೂಡಿಸಿ ಓದಿದಳು. 'ಕಾಲು ಸವೆಸಿದವಳು ನಾನೇ' ಅನ್ನುವ ಕಡೆ ದನಿ ಇಳಿಯಿತು.

"ಅದ್ನ ಇನ್ನೊಂದ್ ಕಿತ ಓದು. ಎಲ್ರಿಗೂ ಕೇಳ್ಲಿ."

ಓದಿದಳು. ಕಣದಲ್ಲಿ ಕೊಡತಿಗಳೆಲ್ಲ ನಿಂತವು.

ಹುಚ್ಚಕ್ಕ ಕುಡುಗೋಲು ತಂದು ಒಂದು ಬೊಂಬೆಯ ಕತ್ತು ಕೊಯ್ದಳು. ಮರುಳಸಿದ್ದಯ್ಯ ಮಂಚದಿಂದ ಎದ್ದ.

"ಏಯ್ ಬೇವರ್ಸಿ, ಸರ್ಕಾರದ್ ಸಾಮಾನು ಕಣೇ ಅದು. ಜೈಲಿಗೋಗ್ತೀಯ."

"ಓಯ್ತೀನಿ ಬುಡು. ನನ್ ಗಂಡ ಸರ್ಕಾರದ್ ಸಾಮಾನಾಗಿರ್ಲಿಲ್ಲ ನೋಡು, ಅವನ್ ತಲೆ ಒಡ್ದಿದ್ಕೆ ಯಾವನೂ ಜೈಲಿಗೋಗ್ಲಿಲ್ಲ."

ಭೈರಮ್ಮ ಕಾಗದವನ್ನು ಆ ತಲೆಯೊಳಗಿಟ್ಟು ಕತ್ತಿನ ಕಡೆ ಮುಚ್ಚಿ ಹೊಲಿದಳು. ಈ ಸಲ ಹೊಲಿಗೆ ಎದ್ದು ಕಾಣುವಂತೆ ದಪ್ಪ ದಾರ ಹಾಕಿದಳು. ಮೇಲಿನ ಸೀಳನ್ನು ಹಾಗೇ ಬಿಟ್ಟಳು.

ಪಕ್ಕದ ಊರಿನ ಪೋಸ್ಟಾಫೀಸಿಗೆ ಹೋಗುವ ದಾರಿಯುದ್ದಕ್ಕೂ ಹುಚ್ಚಕ್ಕ ಒಂದು ಹೊಲದಷ್ಟು ಮುಂದೆ ನಡೆದಳು. ಒಂದು ಸಲವೂ ತಿರುಗಲಿಲ್ಲ.

"ದೂರ ನಿಂತ್ಕಳ್ಳಿ. ಅಲ್ಲೇ ನೆಲದ್ ಮೇಲಿಡಿ," ಅಂದ ಪೋಸ್ಟ್ ಮಾಸ್ತರ. "ಏನದು, ಕಾಯಾ?"

"ತಲೆ ಕಣ್ ಸ್ವಾಮಿ," ಅಂದಳು ಹುಚ್ಚಕ್ಕ.

ತೂಕ ಹಾಕಬೇಕಲ್ಲ, ಅವನೇ ಎದ್ದು ಬಂದು ಎತ್ತಿಕೊಂಡ. ತಕ್ಕಡಿಯ ಮೇಲೆಲ್ಲ ನಾರು ಉದುರಿತು.

"ಕಳ್ಸೋರ್ ಹೆಸ್ರು?"

"ನಾನೇ ಬರೀತೀನಿ," ಎಂದು ಭೈರಮ್ಮ ಪೆನ್ನು ತೆಗೆದುಕೊಂಡಳು. ಗೋಣಿಗೆ ಹೊಲಿದಿದ್ದ ಬಟ್ಟೆಯ ಮೇಲೆ, ಕೋರ್ಟಿನ ವಿಳಾಸದ ಕೆಳಗೆ, ತನ್ನ ಹೆಸರು, ಕೇರಿಯ ಹೆಸರು ಬರೆದಳು.

ಪೋಸ್ಟ್ ಮಾಸ್ತರ ಮುದ್ರೆ ಎತ್ತಿ ತಲೆಯ ಮೇಲೆ ಬಲವಾಗಿ ಬಾರಿಸಿದ. ಬಾಗಿಲಲ್ಲಿ ನಿಂತಿದ್ದ ಹುಚ್ಚಕ್ಕ ಎರಡೂ ಕಿವಿ ಮುಚ್ಚಿಕೊಂಡಳು.