ಏಳರವರೆಗೆ ಎಣಿಸುವುದು

ಮಕ್ಕಳಿಗೆ ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಏಳರವರೆಗೆ ಎಣಿಸಬೇಕು, ಅಲ್ಲಿಯವರೆಗೆ ಬಾಯಿ ಬಿಡಬಾರದು. ನಾಲ್ಕು ತಿಂಗಳ ತರಬೇತಿಯಲ್ಲಿ ಕ್ವಿಗ್ಲಿ ಮೇಷ್ಟ್ರು ನನಗೆ ಬಾಯಿಬಿಟ್ಟು ಹೇಳಿಕೊಟ್ಟದ್ದು ಇದೊಂದೇ. ಮೂವತ್ತೊಂದು ವರ್ಷದಿಂದ ನಮ್ಮೂರಿನ ಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿರುವ ಮನುಷ್ಯ ಅವರು. ನನಗೂ ಏಳನೇ ಕ್ಲಾಸಿನಲ್ಲಿ ಕಲಿಸಿದವರು. ಈಗ ಅದೇ ಕೋಣೆಯಲ್ಲಿ, ಅವರ ಕೈಕೆಳಗೆ, ನಾನು ಟೀಚರ್ ಆಗುವುದನ್ನು ಕಲಿಯುತ್ತಿದ್ದೆ. ಏನು ಕೇಳಿದರೂ ನೇರ ಉತ್ತರ ಕೊಡುವ ಆಸಾಮಿಯಲ್ಲ. "ನನ್ನ ಪಾಠ ಹೇಗಿತ್ತು ಸರ್?" ಅಂದರೆ "ನಿಂಗೇನನ್ನಿಸ್ತು?" ಅನ್ನುತ್ತಾರೆ. "ಸ್ಟೇಪ್ಲರ್ ಎಲ್ಲಿದೆ ಸರ್?" ಅಂದರೂ "ಎಲ್ಲಿರಬಹುದು, ಯೋಚ್ನೆ ಮಾಡು" ಅನ್ನುತ್ತಾರೆ. ಸ್ಟೇಪ್ಲರ್ ಅವರ ಕೈಯಲ್ಲೇ ಇರುತ್ತದೆ.

ಏಳು ಸೆಕೆಂಡು ಏನು ಮಹಾ ಅನ್ನಿಸಬಹುದು. ಹನ್ನೆರಡು ವರ್ಷದ ಇಪ್ಪತ್ತನಾಲ್ಕು ಮಕ್ಕಳ ಎದುರು ಸುಮ್ಮನೆ ನಿಂತು ನೋಡಿ, ಗೊತ್ತಾಗುತ್ತದೆ. ಮೂರಕ್ಕೆ ಬರುವಷ್ಟರಲ್ಲಿ ಒಬ್ಬ ಆಕಳಿಸುತ್ತಾನೆ. ನಾಲ್ಕಕ್ಕೆ ಯಾರದೋ ಪೆನ್ಸಿಲ್ ಬೀಳುತ್ತದೆ, ಅದನ್ನು ಎತ್ತಿಕೊಡಲು ಮೂವರು ಬಗ್ಗುತ್ತಾರೆ. ಐದಕ್ಕೆ ನನ್ನ ನಾಲಿಗೆ ತುರಿಸತೊಡಗುತ್ತದೆ. ಆರಕ್ಕೆ ಉತ್ತರ ನಾನೇ ಹೇಳಿಬಿಟ್ಟಿರುತ್ತೇನೆ. ಇಡೀ ತರಗತಿ ನೆಮ್ಮದಿಯಿಂದ ಉಸಿರು ಬಿಟ್ಟು ಅದನ್ನು ಬರೆದುಕೊಳ್ಳುತ್ತದೆ.

ಇದನ್ನೆಲ್ಲ ಲೆಕ್ಕ ಇಡಲು ಒಬ್ಬರಿದ್ದರು, ಡಾಕ್ಟರ್ ಹ್ಯಾವರ್‌ಕ್ಯಾಂಪ್. ಕೆಳಗಿನ ಬಯಲಿನ ಯೂನಿವರ್ಸಿಟಿಯಿಂದ ಹತ್ತು ಸಾವಿರ ಅಡಿ ಎತ್ತರದ ನಮ್ಮೂರಿಗೆ ಬೆಟ್ಟ ಹತ್ತಿ ಬಂದು, ಹಿಂದಿನ ಸಾಲಿನಲ್ಲಿ ಕೂತು ನನ್ನ ಪಾಠಕ್ಕೆ ಅಂಕ ಹಾಕುವವರು. ಒಟ್ಟು ಮೂರು ಸಲ. ಮೊದಲನೆಯ ಸಲ ನಾನು ಮೂವತ್ತೇಳು ನಿಮಿಷ ಒಂದೇ ಸಮ ಮಾತಾಡಿದೆ ಎಂದು ಬರೆದು ಫೇಲು ಮಾಡಿದರು. ಎರಡನೆಯ ಸಲ ಹತ್ತೊಂಬತ್ತು ಪ್ರಶ್ನೆ ಕೇಳಿ ಹದಿನೇಳಕ್ಕೆ ನಾನೇ ಉತ್ತರ ಕೊಟ್ಟೆ ಎಂದು ಬರೆದು ಮತ್ತೆ ಫೇಲು ಮಾಡಿದರು. ಮೂರನೆಯದರಲ್ಲಿ ಪಾಸಾಗದಿದ್ದರೆ ಸರ್ಟಿಫಿಕೇಟೂ ಇಲ್ಲ, ಹೆಡ್‌ಮಿಸ್ ನನಗಾಗಿ ಕಾದಿಟ್ಟಿದ್ದ ಕೆಲಸವೂ ಇಲ್ಲ. ಏಳು ಚಳಿಗಾಲ ನಾನು ಸ್ಕೀ ಲಿಫ್ಟಿನ ಟಿಕೆಟ್ ಕಿಟಕಿಯ ಹಿಂದೆ ಕೂತು ಬೇರೆಯವರ ರಜೆಗೆ ಚೀಟಿ ಹರಿದುಕೊಟ್ಟಿದ್ದೇನೆ. ಮೂವತ್ತೊಂದನೆಯ ವಯಸ್ಸಿನಲ್ಲಿ ಮತ್ತೆ ಅಲ್ಲಿಗೆ ಹೋಗಿ ಕೂರುವುದು ನನ್ನಿಂದಾಗದ ಮಾತು.

ಅದಕ್ಕೇ ಮೂರನೆಯ ಪಾಠಕ್ಕೆ ಪ್ರಪಂಚದಲ್ಲೇ ಸುಲಭವಾದದ್ದನ್ನು ಆರಿಸಿಕೊಂಡೆ. ನೀರು ಕುದಿಸುವುದು. ಪಾಠದ ಗುರಿಯನ್ನು ಬೋರ್ಡಿನ ಮೇಲೆ ಬರೆದಿಡಬೇಕು ಎಂಬುದು ನಿಯಮ. ಬರೆಯದಿದ್ದರೆ ಅದಕ್ಕೂ ಅಂಕ ಕಳೆಯುತ್ತಾರೆ. ನಾನು ದುಂಡಗೆ ಬರೆದಿಟ್ಟೆ: ನೀರು ನೂರು ಡಿಗ್ರಿಯಲ್ಲಿ ಕುದಿಯುತ್ತದೆ ಎಂಬುದನ್ನು ವಿದ್ಯಾರ್ಥಿಗಳು ಅಳೆದು ತೋರಿಸುವರು.

ಹಿಂದಿನ ಗುರುವಾರ ಶಾಲೆ ಬಿಟ್ಟ ಮೇಲೆ ಒಂದು ಸಲ ಮಾಡಿ ನೋಡೋಣ ಎಂದು ನೀರಿಟ್ಟೆ. ನೀರು ಕೊತಕೊತ ಕುದಿಯಿತು, ಥರ್ಮಾಮೀಟರು ತೊಂಬತ್ತಕ್ಕೆ ಬಂದು ನಿಂತುಬಿಟ್ಟಿತು. ಇನ್ನೊಂದು ಹಾಕಿದೆ. ಅದೂ ತೊಂಬತ್ತು. ಕಪಾಟಿನಲ್ಲಿದ್ದ ಎಂಟನ್ನೂ ಹಾಕಿದೆ. ಎಂಟೂ ಮಾತಾಡಿಕೊಂಡವರ ಹಾಗೆ ತೊಂಬತ್ತೇ. ನನಗೆ ಮೈಯೆಲ್ಲ ಉರಿದುಹೋಯಿತು.

ಮೂಲೆಯಲ್ಲಿ ಕೂತು ಪೇಪರ್ ತಿದ್ದುತ್ತಿದ್ದ ಕ್ವಿಗ್ಲಿ ಮೇಷ್ಟ್ರಿಗೆ ಹೇಳಿದೆ. "ಸರ್, ಈ ಥರ್ಮಾಮೀಟರೆಲ್ಲ ಕೆಟ್ಟುಹೋಗಿವೆ."

ಅವರು ಕನ್ನಡಕ ತೆಗೆದರು. "ಎಂಟೂನಾ?"

"ಎಂಟೂ. ನಾನು ಓದೋವಾಗಿಂದ ಇವೇ ಇದಾವಲ್ಲ ಸರ್. ಎಷ್ಟಂತ ಬಾಳಿಕೆ ಬರ್ತಾವೆ?"

"ಹೂಂ," ಎಂದು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಪಾಪ, ವಯಸ್ಸಾಯಿತು, ದಣಿದಿದ್ದಾರೆ ಅಂದುಕೊಂಡೆ. ಎಂಟನ್ನೂ ಡಬ್ಬಿಗೆ ತುಂಬಿ, ಮೇಲೆ 'ಕೆಟ್ಟಿವೆ' ಎಂದು ದಪ್ಪಕ್ಷರದಲ್ಲಿ ಬರೆದು, ಹೈಸ್ಕೂಲಿಗೆ ಹೋಗಿ ಹೊಸ ಎಂಟನ್ನು ಇಸಿದುಕೊಂಡು ಬಂದೆ. ಹೊಸವು ತಾನೇ, ಪರೀಕ್ಷೆ ಮಾಡುವುದೇನಿದೆ ಎಂದು ಹಾಗೇ ಎತ್ತಿಟ್ಟೆ. ಮನೆಗೆ ಹೋದರೆ ಅಮ್ಮ ಮಧ್ಯಾಹ್ನವೇ ಒಲೆಯ ಮೇಲಿಟ್ಟಿದ್ದ ಬೀನ್ಸ್ ಇನ್ನೂ ಗಟ್ಟಿ. ಅದು ನಮ್ಮೂರಲ್ಲಿ ಇದ್ದದ್ದೇ. ಬ್ರೆಡ್ಡಿಗೆ ಚೀಸ್ ಹಾಕಿಕೊಂಡು ತಿಂದು ಮಲಗಿದೆ.

ಸೋಮವಾರ ಎರಡನೇ ಪೀರಿಯಡ್ಡಿಗೆ ಡಾಕ್ಟರ್ ಹ್ಯಾವರ್‌ಕ್ಯಾಂಪ್ ಮೆಟ್ಟಿಲು ಹತ್ತಿ, ಬಾಗಿಲ ಹತ್ತಿರ ಎರಡು ನಿಮಿಷ ಏದುಸಿರು ಬಿಟ್ಟು, ಹಿಂದಿನ ಸಾಲಿನಲ್ಲಿ ಕ್ವಿಗ್ಲಿ ಮೇಷ್ಟ್ರ ಪಕ್ಕ ಕೂತರು. ಮಕ್ಕಳು ಮೂವರಂತೆ ಎಂಟು ಗುಂಪಾದರು. ಕಣ್ಣಿಗೆ ರಕ್ಷಣೆಯ ಕನ್ನಡಕ ಹಾಕಿಸಿದೆ, ಒಲೆ ಹಚ್ಚಿಸಿದೆ. ಇಪ್ಪತ್ತು ನಿಮಿಷ ಎಲ್ಲ ಸುಸೂತ್ರ. ನಾನು ಬಾಯಿಗೆ ಬೀಗ ಹಾಕಿಕೊಂಡು ಓಡಾಡುತ್ತಿದ್ದೆ.

"ಮಿಸ್ ಜುಪಾನ್, ನಮ್ದು ನಿಂತುಬಿಡ್ತು," ಅಂದ ಕಿಟಕಿ ಪಕ್ಕದ ಬ್ರಾಕ್ಸ್‌ಟನ್.

"ಎಷ್ಟರಲ್ಲಿ?"

"ತೊಂಬತ್ತು."

"ನಮ್ದೂ," ಅಂತು ಇನ್ನೊಂದು ಗುಂಪು. "ನಮ್ದೂ." "ನಮ್ದು ಎಂಬತ್ತೊಂಬತ್ತೂವರೆ."

"ಇನ್ನೂ ಕಾಯ್ರಿ, ಏರುತ್ತೆ," ಅಂದೆ. ಕಾದರು. ನೀರು ಆವಿಯಾಗಿ ಅರ್ಧಕ್ಕಿಳಿಯಿತು. ಥರ್ಮಾಮೀಟರು ಒಂದು ಗೆರೆ ಏರಲಿಲ್ಲ. ಹಿಂದಿನ ಸಾಲಿನಲ್ಲಿ ಪೆನ್ನು ಸರಸರ ಓಡುತ್ತಿತ್ತು.

"ಮಿಸ್, ನೂರು ಅಂತ ಬರ್ಕೊಂಡ್ಬಿಡೋದಾ? ಹೆಂಗೂ ಬೋರ್ಡ್ ಮೇಲೆ ಐತಲ್ಲ," ಅಂದ ಬ್ರಾಕ್ಸ್‌ಟನ್.

ಹೂಂ ಅನ್ನಲು ನಾನು ಬಾಯಿ ತೆರೆದದ್ದು ನಿಜ. ಎಲ್ಲರೂ ನೂರು ಎಂದು ಬರೆದರೆ ಗುರಿ ಮುಟ್ಟಿದ ಹಾಗೆ, ನಾನು ಪಾಸಾದ ಹಾಗೆ. ಹೇಳಲು ನಾಚಿಕೆಯಾಗುತ್ತದೆ, ಆದರೆ ಆ ಕ್ಷಣಕ್ಕೆ ನನಗೆ ಬೇಕಾಗಿದ್ದದ್ದು ಅಷ್ಟೇ. ಅಷ್ಟರಲ್ಲಿ ಮುಂದಿನ ಮೇಜಿನ ಮಾರಿಸೆಲಾ ಆರ್ಚುಲೆಟಾ ಅವನತ್ತ ತಿರುಗಿದಳು. ನಾಲ್ಕು ತಿಂಗಳಿಂದ ನನ್ನ ತಲೆ ತಿಂದ ಹುಡುಗಿ ಅವಳು. "ಅಳೆದಿದ್ದು ತೊಂಬತ್ತು, ಬರೆಯೋದು ನೂರಾ? ಮತ್ತೆ ಅಳೆದಿದ್ದು ಯಾಕೋ, ದಂಡಕ್ಕಾ?"

"ಇಲ್ಲ, ಇಲ್ಲ," ಅಂದೆ ನಾನು. "ಥರ್ಮಾಮೀಟರ್ ಕೆಟ್ಟಿವೆ ಅನ್ಸುತ್ತೆ."

ಮಾರಿಸೆಲಾ ಸುತ್ತ ಕಣ್ಣಾಡಿಸಿದಳು. "ಎಂಟೂನಾ ಮಿಸ್?"

ಅದೇ ಮಾತು. ನಾನು ಹಿಂದಿನ ಸಾಲಿನತ್ತ ನೋಡಿದೆ. ಕ್ವಿಗ್ಲಿ ಮೇಷ್ಟ್ರು ಸೂರು ನೋಡುತ್ತಿದ್ದರು. ಗುರುವಾರದ ಎಂಟು, ಇವತ್ತಿನ ಎಂಟು, ಒಟ್ಟು ಹದಿನಾರು ಥರ್ಮಾಮೀಟರು ಒಂದೇ ಮಾತು ಹೇಳುತ್ತಿದ್ದವು. ಹದಿನಾರೂ ಕೆಟ್ಟಿವೆ, ನನ್ನ ತಲೆಯೊಂದೇ ಸರಿಯಿದೆ ಎಂದು ಎಷ್ಟು ಹೊತ್ತು ನಂಬುವುದು?

"ಇವು ಕೆಟ್ಟಿಲ್ಲ ಅಂದ್ರೆ," ಎಂದು ಇಡೀ ತರಗತಿಗೆ ಕೇಳಿದೆ, "ನೂರಕ್ಕೆ ಕುದಿಯೋ ನೀರು ಇಲ್ಲಿ ತೊಂಬತ್ತಕ್ಕೇ ಯಾಕೆ ಕುದೀತಿದೆ?"

ಉತ್ತರ ಗೊತ್ತಿಲ್ಲದೆ ನಾನು ಕೇಳಿದ ಮೊದಲನೆಯ ಪ್ರಶ್ನೆ ಅದು. ಎಣಿಸಲು ಶುರುಮಾಡಿದೆ. ಏಳು ಬಂತು, ಹೋಯಿತು. ಬಾಯಿಯಲ್ಲಿ ಉತ್ತರವೇ ಇರಲಿಲ್ಲವಾದ್ದರಿಂದ ಚೆಲ್ಲುವ ಭಯವೂ ಇರಲಿಲ್ಲ. ಹನ್ನೊಂದು. ಹನ್ನೆರಡು. ಬ್ರಾಕ್ಸ್‌ಟನ್ ಆಕಳಿಸಲಿಲ್ಲ. ಮಾರಿಸೆಲಾ ಹುಬ್ಬು ಗಂಟಿಕ್ಕಿಕೊಂಡು ಕುದಿಯುವ ನೀರನ್ನೇ ನೋಡುತ್ತಿದ್ದಳು. ಹದಿನಾರಕ್ಕೆ ಬರುವಾಗ ಹಿಂದಿನಿಂದ ದನಿ ಬಂತು.

"ಮಕ್ಕಳೇ, ಇದು ಏನಾಗುತ್ತೆ ಅಂದ್ರೆ," ಎಂದು ಡಾಕ್ಟರ್ ಹ್ಯಾವರ್‌ಕ್ಯಾಂಪ್ ಅರ್ಧ ಎದ್ದಿದ್ದರು. ತಡೆಯಲಾಗಿಲ್ಲ ಪಾಪ, ಅವರಿಗೂ ನಾಲಿಗೆ ತುರಿಸಿರಬೇಕು.

ನಾನು ಅಂಗೈ ಅಡ್ಡ ಹಿಡಿದೆ. "ಒಂದ್ನಿಮಿಷ ತಡೀರಿ ಮೇಡಂ. ಅವ್ರು ಯೋಚ್ನೆ ಮಾಡ್ತಿದಾರೆ."

ನನ್ನ ಹಣೆಬರಹ ಕೈಯಲ್ಲಿ ಹಿಡಿದು ಕೂತಿದ್ದ ಹೆಂಗಸಿನ ಬಾಯಿ ಮುಚ್ಚಿಸಿದೆ ಎಂದು ಹೊಳೆಯಲು ಇನ್ನೂ ಎರಡು ಸೆಕೆಂಡು ಹಿಡಿಯಿತು. ಅವರು ನಿಧಾನಕ್ಕೆ ಕೂತರು. ಮುಗಿಯಿತು ಟೆಸ್ಸಾ, ಹೋಗಿ ಟಿಕೆಟ್ ಹರಿ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಕೈ ಇಳಿಸಲಿಲ್ಲ.

"ನಮ್ಮಜ್ಜಿ," ಅಂದಳು ಮಾರಿಸೆಲಾ. "ಅಜ್ಜಿ ಮೊದ್ಲು ಸಮುದ್ರದ ಹತ್ರ ಇದ್ಲು. ಅಲ್ಲಿ ಬೀನ್ಸ್ ಒಂದೂವರೆ ಗಂಟೆಗೆ ಬೇಯೋದಂತೆ. ಇಲ್ಲಿ ನಾಲ್ಕು ಗಂಟೆ. ಈ ಊರಿನ ನೀರು ಸುಳ್ಳುಸುಳ್ಳೇ ಕುದಿಯುತ್ತೆ ಅಂತ ಬೈತಾಳೆ. ಮಿಸ್, ಸುಳ್ಳಲ್ಲ ಅದು. ಇಲ್ಲಿ ಬೇಗ ಕುದ್ದುಬಿಡುತ್ತೆ. ಪೂರ್ತಿ ಬಿಸಿ ಆಗೋ ಮೊದ್ಲೇ."

ಆಮೇಲೆ ಯಾರನ್ನೂ ಹಿಡಿಯಲಾಗಲಿಲ್ಲ. ಕೇಕ್ ಡಬ್ಬಿಯ ಹಿಂದೆ ಎತ್ತರದ ಊರಿನವರಿಗೆ ಅಂತ ಬೇರೆ ಅಳತೆ ಬರೆದಿರುತ್ತೆ ಎಂದು ಒಬ್ಬಳು. ಕೆಳಗಿಂದ ತಂದ ಚಿಪ್ಸ್ ಪೊಟ್ಟಣ ಕಾರಿನಲ್ಲಿ ಮೇಲೆ ಬರುತ್ತ ಉಬ್ಬುತ್ತೆ, ಅಂದರೆ ಇಲ್ಲಿ ಹೊರಗಿನಿಂದ ಒತ್ತುವ ಗಾಳಿ ಕಮ್ಮಿ ಎಂದು ಬ್ರಾಕ್ಸ್‌ಟನ್. ಗಾಳಿ ಒತ್ತದಿದ್ದರೆ ನೀರಿಗೆ ಆವಿಯಾಗಿ ಹಾರುವುದು ಸಲೀಸು ಎಂದು ಮಾರಿಸೆಲಾ. ನಾನು ಮಧ್ಯದಲ್ಲಿ ನಿಂತು ಕೇಳುತ್ತಿದ್ದೆ. ಇದೇ ಊರಿನಲ್ಲಿ ಹುಟ್ಟಿ, ಮೂವತ್ತೊಂದು ವರ್ಷ ಅಮ್ಮನ ಬೇಯದ ಬೀನ್ಸ್ ತಿಂದು, ಕಾಲೇಜಿನಲ್ಲಿ ಇದನ್ನೇ ಓದಿ ಪರೀಕ್ಷೆಯನ್ನೂ ಪಾಸು ಮಾಡಿದ್ದೇನೆ. ಒಲೆಯ ಮೇಲಿನ ನೀರನ್ನೂ ಪುಸ್ತಕದ ನೀರನ್ನೂ ಬೇರೆ ಬೇರೆ ಅಂದುಕೊಂಡೇ ಇಷ್ಟು ವರ್ಷ ಬದುಕಿದ್ದೆನಲ್ಲ ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು.

"ನಾನು ತಪ್ಪು ಬರೆದಿದ್ದೆ," ಎಂದು ಹೇಳಿ, ಬೋರ್ಡಿನ ಮೇಲಿನ ಗುರಿಯನ್ನು ಒರೆಸಿಬಿಟ್ಟೆ. ಗಂಟೆ ಹೊಡೆಯಿತು.

ಡಾಕ್ಟರ್ ಹ್ಯಾವರ್‌ಕ್ಯಾಂಪ್ ಹಾಳೆ ಹಿಡಿದು ಮುಂದೆ ಬಂದರು. "ಬರೆದ ಗುರಿ ಮುಟ್ಟಿದ್ದಕ್ಕೆ ಸೊನ್ನೆ. ಪಾಠದ ಮಧ್ಯೆ ಗುರೀನೇ ಒರೆಸಿ ಹಾಕಿದ್ದನ್ನ ನಾನೆಲ್ಲೂ ನೋಡಿಲ್ಲ," ಅಂದರು. ನಾನು ತಲೆ ತಗ್ಗಿಸಿದೆ. "ಪ್ರಶ್ನೆ ಕೇಳಿ ಕಾದಿದ್ದಕ್ಕೆ ಪೂರ್ತಿ ಅಂಕ. ಇಪ್ಪತ್ತಾರು ಸೆಕೆಂಡು. ಅದ್ರಲ್ಲಿ ಹತ್ತು ನನ್ನನ್ನೂ ಕಾಯಿಸಿದ್ರಿ." ಸಹಿ ಹಾಕಿ ಹಾಳೆ ಕೊಟ್ಟರು. ಎರಡು ಅಂಕದ ಅಂತರದಲ್ಲಿ ಪಾಸಾಗಿದ್ದೆ. ಅವರು ಬಾಗಿಲು ದಾಟುವವರೆಗೆ ತಡೆದುಕೊಂಡು, ಆಮೇಲೆ ಮೇಜು ಹಿಡಿದುಕೊಂಡು ಅತ್ತೆ.

ಕ್ವಿಗ್ಲಿ ಮೇಷ್ಟ್ರು ಕಪಾಟಿನಿಂದ 'ಕೆಟ್ಟಿವೆ' ಡಬ್ಬಿ ತಂದು ನನ್ನ ಮುಂದಿಟ್ಟರು.

"ನಿಮಗೆ ಗುರುವಾರವೇ ಗೊತ್ತಿತ್ತು," ಅಂದೆ.

"ನಿಂಗೇನನ್ನಿಸುತ್ತೆ?"

"ಸರ್, ದಯವಿಟ್ಟು. ನಾನು ಫೇಲಾಗಿದ್ರೆ ನನ್ನ ಜೀವನ ಏನಾಗ್ತಿತ್ತು?"

ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಮೊದಲನೆಯ ಸಲ ನೇರವಾಗಿ ಉತ್ತರ ಕೊಟ್ಟರು. "ನಾಲ್ಕು ದಿನದಿಂದ ನಂಗೆ ಊಟ ಸೇರಿಲ್ಲ ಕಣಮ್ಮ. ಎರಡು ಸಲ ಫೋನು ಕೈಗೆತ್ಕೊಂಡು ಇಟ್ಟೆ."

"ಒಂದು ಮಾತು ಹೇಳಕ್ಕೇನಾಗಿತ್ತು ನಿಮಗೆ?"

"ಎಣಿಸ್ತಾ ಇದ್ದೆ."

"ಏಳರವರೆಗೆ ಅಂದಿದ್ರಿ."

"ಅದು ಮಕ್ಕಳಿಗೆ," ಅಂದರು. "ದೊಡ್ಡೋರು ನಿಧಾನ."

ಆ ಡಬ್ಬಿಯನ್ನೇ ಅವರ ತಲೆಯ ಮೇಲೆ ಕುಕ್ಕಬೇಕು ಅನ್ನಿಸಿತು. ಅಷ್ಟರಲ್ಲಿ ಮೂರನೇ ಪೀರಿಯಡ್ಡಿನ ಮಕ್ಕಳು ದಬದಬ ಒಳಬಂದರು. ಕಣ್ಣೊರೆಸಿಕೊಂಡು, ಡಬ್ಬಿ ಬಿಚ್ಚಿ, ಹಳೆಯ ಥರ್ಮಾಮೀಟರುಗಳನ್ನೇ ಹಂಚಿದೆ. ಬೋರ್ಡಿನ ಮೇಲೆ ಏನೂ ಬರೆಯಲಿಲ್ಲ. ಇಪ್ಪತ್ತು ನಿಮಿಷಕ್ಕೆ ನೀರು ಕುದಿಯಿತು.

"ಮಿಸ್, ಈ ಥರ್ಮಾಮೀಟರ್ ಕೆಟ್ಟಿದೆ," ಎಂದು ಕೂಗಿದಳೊಬ್ಬಳು. "ಎಲ್ಲಾರ್ದೂ ಕೆಟ್ಟಿದೆ."

ಈ ಸಲ ಉತ್ತರ ನನಗೆ ಗೊತ್ತಿತ್ತು. ಬೀನ್ಸು, ಕೇಕು, ಚಿಪ್ಸು, ಎಲ್ಲ ನಾಲಿಗೆಯ ತುದಿಯಲ್ಲೇ ಕೂತಿದ್ದವು.

"ಎಂಟೂನಾ?" ಎಂದು ಕೇಳಿ ಬಾಯಿ ಮುಚ್ಚಿಕೊಂಡೆ.