ಏಳನೆಯ ಬೊಟ್ಟು

ಸಂತಪುರದ ಹಾವಗೆಪ್ಪ ಬಸುರಿ ಮಗಳ ಐದು ತಿಂಗಳ ಕುಬಸಕ್ಕೆಂದು ಹಸಿರು ಸೀರೆ, ಹಸಿರು ಬಳೆ ಬಂಡಿಯಲ್ಲಿಟ್ಟುಕೊಂಡು ಕಮಠಾಣಕ್ಕೆ ಬಂದಾಗ ಮಾಘ ಮುಗಿಯಲು ಮೂರೇ ದಿನ ಉಳಿದಿದ್ದವು.

ಊರಿನ ಲೆಕ್ಕ ನೇರವಾಗಿತ್ತು. ರಜಾಕಾರರ ಕಾಲಕ್ಕೆ ನಿಜಾಮನ ವಿರುದ್ಧ ಹೋರಾಡಲು ಗಡಿಯಾಚೆಯ ಶಿಬಿರ ಸೇರಿದ್ದ ಅಳಿಯ ಶಿವರಾಜಪ್ಪ, ಪೊಲೀಸ್ ಕಾರ್ಯಾಚರಣೆ ಮುಗಿದ ಮೇಲೆ, ಭಾದ್ರಪದದ ಕೊನೆಗೆ ಮನೆಗೆ ಬಂದಿದ್ದ. ಆಶ್ವೀಜ ಒಂದು; ಮಾಘ ಐದು.

"ಚೈತ್ರಕ್ಕ ಏಳು ಬೀಳ್ತದ. ಯುಗಾದಿ ಮುಗಿಸಿ ಬಾಣಂತನಕ್ಕ ಕರಕೊಂಡು ಹೋಗ್ತೇನಿ. ಹೌದಲ್ಲರಿ ಬೀಗತಿ?" ಎಂದ ಹಾವಗೆಪ್ಪ.

ಮಗಳು ಶಿವಕಾಂತಾ ಬಾಗಿಲ ಹಿಂದೆ ನಿಂತು ಕೇಳುತ್ತಿದ್ದಳು. ಮುಂಜಾನೆಯಷ್ಟೇ ಸೂಲಗಿತ್ತಿ ಮರಿಯಮಬೀ ಹೊಟ್ಟೆ ಮುಟ್ಟಿ ಪಿಸುಗುಟ್ಟಿದ್ದಳು: "ಐದಂತ ಯಾರಂದ್ರು ಬೇಟಿ? ಇದು ಏಳು. ಅಮಾಸಿ ದಾಟಿದ್ರ ಎಂಟು. ಎಂಟರಾಗ ಬಂಡಿ ಹತ್ತಬಾರ್ದು. ಒಂಬತ್ತರಾಗ ಆ ಕಲ್ಲಿನ ದಾರಿ ಹಿಡಿದ್ರ ದಾರ್ಯಾಗೇ ಹಡೀತಿ."

ಅವಳಿಗೂ ಅದು ಗೊತ್ತಿತ್ತು. ನಾಗಪಂಚಮಿಯ ದಿನ ಗಂಡ ಕಂಬಳಿ ಹೊದ್ದು, ಕುರಿಯವರ ಜೊತೆ ಬಂದು, ಕೊಟ್ಟಿಗೆಯ ಮೇವಿನಲ್ಲಿ ಒಂದು ಹಗಲು ಒಂದು ರಾತ್ರಿ ಅಡಗಿದ್ದ. "ಅವ್ವಗ ಹೇಳಬ್ಯಾಡ. ಮಾರಿ ತೋರಸದೇ ಹೋದ ಅಂತ ಎದಿ ಒಡಕೋತಾಳ" ಎಂದು ಲಿಂಗ ಮುಟ್ಟಿಸಿ ಆಣೆ ಮಾಡಿಸಿದ್ದ. ಈಗ ಅವನು ಭಾಲ್ಕಿಯ ಅಡತಿ ಅಂಗಡಿಯಲ್ಲಿ ಕೆಲಸಕ್ಕಿದ್ದ, ಅಮಾವಾಸ್ಯೆಯೊಳಗೆ ಬರುವವನಲ್ಲ. ಏಳು ಎಂದರೆ ಆ ದಿನವನ್ನೂ ಹೇಳಬೇಕು. ಮಗನ ಮುಖ ಒಮ್ಮೆ ತೋರಿಸು ಎಂದು ಆಷಾಢವೆಲ್ಲ ದೇವರ ಜಗಲಿಯ ಮುಂದೆ ಕೂತ ಅತ್ತೆಗೆ ಹೇಗೆ ಹೇಳುವುದು?

ಅತ್ತೆ ಸುಂದರಬಾಯಿ ಬತ್ತಿ ಹೊಸೆಯುತ್ತಲೇ ಅಂದಳು: "ನನಗ್ಯಾಕ ಕೇಳ್ತೀರಿ ಬೀಗರ? ಹೊಟ್ಟಿ ಯಾರದೋ ಅವರಿಗೆ ಕೇಳ್ರಿ."

ಒಳಗಿನ ಕೂಸು ಒದೆಯಿತು. ಶಿವಕಾಂತಾ ಕೊರಳ ಲಿಂಗವನ್ನು ಗಟ್ಟಿಯಾಗಿ ಹಿಡಿದಳು.

"ಏಳು, ಅಪ್ಪಾ."

"ಏಳಾ? ಅಳಿಯ ಬಂದದ್ದೇ..."

"ಪಂಚಮಿಗೂ ಬಂದಿದ್ರು. ಅತ್ತಿ, ನನ್ನ ತಪ್ಪಾತು. ಆಣಿ ಹಾಕಿಸಿದ್ರು..." ಮಾತು ಅಳುವಾಯಿತು.

ಸುಂದರಬಾಯಿ ಎದ್ದು, ಸೊಸೆಯ ಕೈ ಹಿಡಿದು ಜಗಲಿಯ ಗೂಡಿನ ಮುಂದೆ ನಿಲ್ಲಿಸಿ ದೀಪ ಎತ್ತಿದಳು. ಗೂಡಿನ ಒಳಗೋಡೆಯ ಮೇಲೆ ಸಾಲಾಗಿ ಆರು ವಿಭೂತಿ ಬೊಟ್ಟು.

"ಅಮಾಸಿಗೊಂದು. ಶ್ರಾವಣದಿಂದ ಇಟಗೋತ ಬಂದೇನಿ."

"ನಿಮಗ ಹ್ಯಾಂಗ ಗೊತ್ತಾತ್ರಿ?"

"ಪಂಚಮಿ ದಿನ ಗಡಗ್ಯಾಗ ತಂಬಿಟ್ಟಿನ ಉಂಡಿ ಐದು ಕಡಿಮಿ. ನೀ ಅರ್ಧ ತಿಂದ್ರ ಸಾಕು ಅನ್ನಾಕಿ. ಕೊಟ್ಟಿಗಿಗೆ ಹೋಗಿ ನೋಡಿದೆ, ಮಲಗಿದ್ದ. ಬಾಯಿ ತೆರಕೊಂಡು ಮಲಗೋದು ಇನ್ನೂ ಬಿಟ್ಟಿಲ್ಲ ನೋಡು ಆ ಕಳ್ಳ!" ಅವಳು ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಎಬ್ಬಿಸಿದ್ರ ಅತ್ತುಬಿಡ್ತಿದ್ದೆ, ಓಣಿಗೆಲ್ಲ ಕೇಳಸ್ತಿತ್ತು. ಮಾರಿ ನೋಡಿ ಬಂದೆ, ಸಾಕಾತು."

"ಮತ್ತ ನನಗ್ಯಾಕ ಹೇಳಲಿಲ್ಲರಿ?"

"ನಿನ್ನ ಆಣಿ ನಾ ಯಾಕ ಮುರೀಲಿ? ಆದ್ರ ಇವತ್ತ ನೀ ಸುಮ್ಮನಿದ್ರ ನಾನೇ ಬಾಯಿ ಬಿಡ್ತಿದ್ದೆ." ವಿಭೂತಿ ಗಟ್ಟಿಯನ್ನು ಸೊಸೆಯ ಅಂಗೈಗಿಟ್ಟಳು. "ಏಳನೇದು ಮೂರು ದಿನ ಬಿಟ್ಟು ಇಡಬೇಕು. ಆವಾಗ ನೀ ತವರಾಗ ಇರ್ತಿ. ಇವತ್ತೇ ಇಡು."

ಶಿವಕಾಂತಾ ಏಳನೆಯ ಬೊಟ್ಟಿಟ್ಟಳು.

ಹೊರಗೆ ಸುಂದರಬಾಯಿಯ ದನಿ ಆಗಲೇ ಏರಿತ್ತು: "ಬೀಗರ, ಎತ್ತಿಗೆ ನೀರು ಕುಡಸ್ರಿ. ನಾಳಿ ನಸಿಕಿಗೆ ಹೊರಡೋದು. ಬಂಡ್ಯಾಗ ಕೌದಿ ನಾ ಹಾಸ್ತೇನಿ, ನೀವು ಮೆತ್ತಗ ಹೊಡೀರಿ!"